ಕಾಗದ ಹೇಳದ್ದನ್ನು ನಾಲಿಗೆ ಹೇಳಲಿ
ಅಪಘಾತವಾಗಿ ರಿಪೇರಿಯಾದ ಹಳೆಯ ಕಾರಿನ ಕೊಡು-ಕೊಳ್ಳುವಿಕೆ: ಒಂದು ಅಧ್ಯಯನ

ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮೇಲಿನ ಹಿಡಿ ಒಣಗಿತ್ತು, ಒಳಗಿನದು ಮುಗ್ಗಿತ್ತು. ಕೊಂಡವನು ಮೇಲಿನದನ್ನಷ್ಟೇ ನೋಡಿದ. ಈ ಗಾದೆಯಲ್ಲಿ ನಗುವುದು ಕೊಂಡವನನ್ನು. ಮುಗ್ಗಿದ್ದು ತಿಳಿದೂ ಮಾರಿದವನ ಬಗ್ಗೆ ಗಾದೆ ಮೌನವಾಗಿದೆ. ಇಸ್ಲಾಮಿನ ದೃಷ್ಟಿ ಮೊದಲು ಬೀಳುವುದೇ ಆ ಮಾರಿದವನ ಮೇಲೆ. ಇಂದಿನ ಪಾಠದಲ್ಲಿ ಜೋಳದ ಜಾಗದಲ್ಲಿ ಕಾರನ್ನಿಟ್ಟು ಈ ವಿಷಯವನ್ನು ನೋಡೋಣ.

ಬಿಂಡಿಗನವಿಲೆಯಂತಹ ಹೋಬಳಿ ಊರಿನಲ್ಲಿ ವಾಸಿಸುವ ಕುಟುಂಬಕ್ಕೆ ಕಾರು ಇಂದು ಆಡಂಬರದ ವಸ್ತುವಲ್ಲ. ತಾಲೂಕು ಕಚೇರಿಯ ಕೆಲಸಕ್ಕೆ ನಾಗಮಂಗಲಕ್ಕೆ ಹೋಗಬೇಕು. ದೊಡ್ಡ ಕಾಯಿಲೆಯಾದರೆ ಬೆಳ್ಳೂರು ಬಳಿಯ ಬಿ.ಜಿ. ನಗರಕ್ಕೋ ಮೈಸೂರಿಗೋ ಓಡಬೇಕು. ಹೆರಿಗೆ ನೋವು ಬಂದ ಮಗಳನ್ನೂ ಎದೆನೋವು ಬಂದ ತಂದೆಯನ್ನೂ ಅರ್ಧರಾತ್ರಿಯಲ್ಲಿ ಬಸ್ಸು ಕಾಯುತ್ತಾ ನಿಲ್ಲಿಸುವಂತಿಲ್ಲ. ಹೊಸ ಕಾರಿಗೆ ಲಕ್ಷಗಟ್ಟಲೆ ಹಣ ಬೇಕು. ಸಾಲ ತರೋಣವೆಂದರೆ ಅದರ ಬೆನ್ನಿಗೆ ಬಡ್ಡಿ ಬರುತ್ತದೆ. ಆದುದರಿಂದ ಕೈಯಲ್ಲಿರುವ ಹಣಕ್ಕೆ ಹಳೆಯ ಕಾರು ಕೊಳ್ಳಲು ಹೊರಡುವವನು ತಪ್ಪು ಮಾಡುತ್ತಿಲ್ಲ. ಬಡ್ಡಿಯಿಂದ ದೂರವಿರುವ ಒಂದು ದಾರಿಯನ್ನೇ ಹಿಡಿದಿದ್ದಾನೆ. ಆ ದಾರಿಯಲ್ಲಿ ಅವನಿಗೆ ಎದುರಾಗುವ ಒಂದು ಆಕರ್ಷಣೆಯೇ ಪೇಟೆಯ ದರಕ್ಕಿಂತ ತೀರಾ ಕಡಿಮೆ ಬೆಲೆಗೆ ಸಿಗುವ, ಹೊಳೆಯುವ, 'ಒಂದು ಗೀರೂ ಇಲ್ಲದ' ಕಾರು.

ಅದು ಏಕೆ ಅಷ್ಟು ಅಗ್ಗ?

'ಟೋಟಲ್ ಲಾಸ್' ಕಾರಿನ ಕಥೆ

ಕಾರಿಗೆ ಸಮಗ್ರ ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ಅದರ ಘೋಷಿತ ಮೌಲ್ಯವನ್ನು ಬರೆದಿರುತ್ತಾರೆ. ಅದನ್ನು ಐ.ಡಿ.ವಿ. ಎನ್ನುತ್ತಾರೆ. ಅಪಘಾತವಾದಾಗ ಅಥವಾ ನೆರೆಯಲ್ಲಿ ಮುಳುಗಿದಾಗ ದುರಸ್ತಿಯ ಖರ್ಚು ಈ ಮೌಲ್ಯದ ಶೇ. 75ನ್ನು ಮೀರಿದರೆ ಆ ವಾಹನವನ್ನು ಪೂರ್ಣ ನಷ್ಟ, ಅಂದರೆ 'ಟೋಟಲ್ ಲಾಸ್' ಎಂದು ಪರಿಗಣಿಸುವುದು ನಮ್ಮ ದೇಶದ ವಿಮಾ ಪದ್ಧತಿ. ಮಾಲೀಕನಿಗೆ ವಿಮಾ ಹಣ ಸಿಗುತ್ತದೆ. ನಜ್ಜುಗುಜ್ಜಾದ ಕಾರು ಹರಾಜಿಗೆ ಹೋಗುತ್ತದೆ. ಅದನ್ನು ಕೊಂಡವರಲ್ಲಿ ಕೆಲವರು ಬಿಡಿಭಾಗಗಳಿಗಾಗಿ ಒಡೆಯುತ್ತಾರೆ. ಇನ್ನು ಕೆಲವರು ತಟ್ಟಿ, ಬೆಸೆದು, ಬಣ್ಣ ಬಳಿದು ಮತ್ತೆ ರಸ್ತೆಗೆ ತರುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಕಾರಿನ ಘೋಷಿತ ಮೌಲ್ಯ 4 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಕಂಪೆನಿಯ ಗ್ಯಾರೇಜಿನವರು ದುರಸ್ತಿಗೆ 3 ಲಕ್ಷ 20 ಸಾವಿರವೆಂದು ಅಂದಾಜು ಕೊಟ್ಟರು. ಇದು ಶೇ. 75ಕ್ಕಿಂತ ಹೆಚ್ಚಾದ್ದರಿಂದ ಕಾರು ಟೋಟಲ್ ಲಾಸ್ ಆಯಿತು. ಹರಾಜಿನಲ್ಲಿ ಒಬ್ಬನು ಅದನ್ನು 1 ಲಕ್ಷಕ್ಕೆ ಕೊಂಡು, ಇನ್ನೊಂದು ಲಕ್ಷ ಖರ್ಚು ಮಾಡಿ ಸಿದ್ಧಪಡಿಸಿ, ನಿಮಗೆ ಎರಡೂಮುಕ್ಕಾಲು ಲಕ್ಷಕ್ಕೆ ಕೊಡಲು ಬಂದಿದ್ದಾನೆ. ಅವನ ಲಾಭದ ಬಗ್ಗೆ ನಮಗೆ ಅಸೂಯೆ ಬೇಡ, ವ್ಯಾಪಾರ ಧರ್ಮಸಮ್ಮತವೇ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಮೂರು ಲಕ್ಷಕ್ಕೂ ಮೀರಿದ ಕೆಲಸ ಒಂದೇ ಲಕ್ಷದಲ್ಲಿ ಮುಗಿದಿದ್ದು ಹೇಗೆ? ಕೂಲಿ ಅಗ್ಗವಾಗಿರಬಹುದು, ಬಳಸಿದ ಬಿಡಿಭಾಗಗಳನ್ನು ಹಾಕಿರಬಹುದು. ಅದು ತಪ್ಪಲ್ಲ. ಆದರೆ ಅನೇಕ ಸಲ ಬಿಟ್ಟುಹೋಗುವುದು ಕಣ್ಣಿಗೆ ಕಾಣದ ಭಾಗಗಳೇ. ಸ್ಫೋಟಿಸಿ ಹೋದ ಏರ್‌ಬ್ಯಾಗಿನ ಜಾಗಕ್ಕೆ ಬರೀ ಮುಚ್ಚಳ ಕೂರಿಸಿರುತ್ತಾರೆ. ಬಾಗಿದ ಚೌಕಟ್ಟು ಅರ್ಧಂಬರ್ಧ ನೆಟ್ಟಗಾಗಿರುತ್ತದೆ. ಒಮ್ಮೆ ಬಿಗಿದು ಕೆಟ್ಟ ಸೀಟ್ ಬೆಲ್ಟ್ ಹಾಗೆಯೇ ಇರುತ್ತದೆ. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಏರ್‌ಬ್ಯಾಗ್ ಇರುವುದು ಕಡ್ಡಾಯವಾಗಿದೆ. ಅದಿದೆಯೆಂದು ನಂಬಿ ಸ್ಟೇರಿಂಗ್ ಹಿಡಿದವನ ಎದೆಯ ಮುಂದೆ ಖಾಲಿ ಡಬ್ಬಿಯಿದ್ದರೆ ಆ ಮೋಸವು ಹಣದ ಲೆಕ್ಕದಲ್ಲಿ ಮುಗಿಯುವುದಿಲ್ಲ. ಪ್ರಾಣದ ತನಕ ಹೋಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಇಂತಹ ಕಾರನ್ನು ಗುರುತಿಸುವುದು ಸ್ವಲ್ಪ ಸುಲಭ. ಅಲ್ಲಿ ಟೋಟಲ್ ಲಾಸ್ ಆದ ಕಾರಿನ ಮಾಲೀಕತ್ವದ ಪತ್ರದ ಮೇಲೆ 'ಸಾಲ್ವೇಜ್' ಎಂಬ ಮುದ್ರೆ ಬೀಳುತ್ತದೆ. ದುರಸ್ತಿಯಾಗಿ, ಆಯಾ ರಾಜ್ಯದ ನಿಯಮದಂತೆ ತಪಾಸಣೆ ದಾಟಿದ ಮೇಲೆ ಅದು 'ರಿಬಿಲ್ಟ್ ಟೈಟಲ್' ಆಗುತ್ತದೆ. ಆ ಒಂದು ಪದ ಕಾರಿನ ಜೊತೆಗೇ ಉಳಿಯುತ್ತದೆ, ಅದಕ್ಕೆ ತಕ್ಕಂತೆ ಬೆಲೆಯೂ ಇಳಿಯುತ್ತದೆ. ಅಲ್ಲೂ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಒಯ್ದು ಆ ಮುದ್ರೆಯನ್ನು ಅಳಿಸಿಕೊಳ್ಳುವ ವಂಚಕರಿದ್ದಾರೆ. ಆದರೂ ಕಾಗದವೇ ಮಾತಾಡಬೇಕೆಂಬ ವ್ಯವಸ್ಥೆ ಅಲ್ಲಿದೆ.

ನಮ್ಮ ಆರ್.ಸಿ.ಯಲ್ಲಿ ಅಂತಹ ಪದವಿಲ್ಲ. ವಾಹನ ಪೂರ್ತಿ ನಾಶವಾಗಿದ್ದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾಗಿದ್ದರೆ 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 55ನೇ ಕಲಂ ಹೇಳುತ್ತದೆ. ಆದರೆ ದುರಸ್ತಿ ಮಾಡಬಹುದಾದ ಕಾರು ತನ್ನ ಹಳೆಯ ಆರ್.ಸಿ.ಯೊಂದಿಗೇ ಕೈ ಬದಲಾಯಿಸುತ್ತದೆ. ಅದರಲ್ಲಿ ಬಣ್ಣ, ಇಂಧನ, ಚಾಸಿಸ್ ಸಂಖ್ಯೆ ಎಲ್ಲವೂ ಇರುತ್ತವೆ. ಅದು ಬಿದ್ದ ಹಳ್ಳದ ವಿಷಯ ಇರುವುದಿಲ್ಲ.

ಕಾಗದ ಹೇಳದ್ದನ್ನು ಹಾಗಾದರೆ ಯಾರು ಹೇಳಬೇಕು? ಮಾರುವವನ ನಾಲಿಗೆ ಹೇಳಬೇಕು. ಈ ಲೇಖನದ ಸಾರ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಎತ್ತಿನ ಹಲ್ಲು ಮತ್ತು ಕಾರಿನ ಮೀಟರು

ಕೃಷ್ಣರಾಜಪೇಟೆಯ ಬಳಿಯ ಹೇಮಗಿರಿ ದನಗಳ ಜಾತ್ರೆಯನ್ನು ನೋಡಿದವರಿಗೆ ಗೊತ್ತು, ಎತ್ತು ಕೊಳ್ಳುವ ರೈತ ಮೊದಲು ಮಾಡುವ ಕೆಲಸ ಬಾಯಿ ತೆರೆಸಿ ಹಲ್ಲು ನೋಡುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರಲ್ಲಿ ಪ್ರಾಯ ತಿಳಿಯುತ್ತದೆ. ಆಮೇಲೆ ನಡೆಸಿ ನೋಡುತ್ತಾನೆ, ಗೊರಸು ನೋಡುತ್ತಾನೆ, ಹೆಗಲ ಮೇಲೆ ಕೈಯಾಡಿಸುತ್ತಾನೆ. ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ.

ಕಾರಿಗೆ ಹಲ್ಲಿಲ್ಲ. ಅದರ ಪ್ರಾಯ ಹೇಳಬೇಕಾದ ಕಿಲೋಮೀಟರಿನ ಮೀಟರನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಎತ್ತಿನ ಗಾಯದ ಮೇಲೆ ರೋಮ ಬೆಳೆಯಲು ತಿಂಗಳುಗಳು ಬೇಕು, ಕಾರಿನ ಗಾಯಕ್ಕೆ ಒಂದು ದಿನದ ಬಣ್ಣ ಸಾಕು. ವಸ್ತುವಿನ ಒಳಗುಟ್ಟು ಹೆಚ್ಚಿದಷ್ಟೂ ಕೊಳ್ಳುವವನು ಮಾರುವವನ ಮಾತನ್ನೇ ನಂಬಿ ನಿಲ್ಲಬೇಕಾಗುತ್ತದೆ, ಮಾರುವವನ ಹೊಣೆಯೂ ಅಷ್ಟೇ ಹೆಚ್ಚುತ್ತದೆ.

ಪ್ರವಾದಿವರ್ಯರ ಮಾರುಕಟ್ಟೆಯ ಪಾಠಗಳು

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹೋಗುತ್ತಿದ್ದರು. ಕೈಯನ್ನು ರಾಶಿಯೊಳಗೆ ತೂರಿಸಿದಾಗ ಬೆರಳಿಗೆ ತೇವ ತಗಲಿತು. ಇದೇನೆಂದು ವಿಚಾರಿಸಿದರು. ಮಳೆ ಬಿದ್ದು ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬೇಕಿತ್ತಲ್ಲವೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ವಂಚಿಸುವವನು ತಮ್ಮ ಕೂಟಕ್ಕೆ ಸೇರಿದವನಲ್ಲವೆಂದೂ ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ವರದಿಯಾಗಿದೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮಳೆ ಬಿದ್ದದ್ದು ವ್ಯಾಪಾರಿಯ ತಪ್ಪಲ್ಲ. ನೆನೆದ ಧಾನ್ಯವನ್ನು ಮಾರಬಾರದೆಂದೂ ಪ್ರವಾದಿವರ್ಯರು(ಸ) ಹೇಳಲಿಲ್ಲ. ತೇವವನ್ನು ಅಡಿಯಲ್ಲಿ ಮುಚ್ಚಿಟ್ಟದ್ದೇ ತಪ್ಪಾಯಿತು. ಅಪಘಾತದ ಕಾರಿನ ನಿಯಮವೂ ಇದೇ. ಅದನ್ನು ಕೊಳ್ಳುವುದೂ ಮಾರುವುದೂ ನಿಷಿದ್ಧವಲ್ಲ, ಅದರ ಕಥೆಯನ್ನು ಬಣ್ಣದಡಿ ಹೂಳುವುದು ನಿಷಿದ್ಧ. ಎರಡನೆಯದಾಗಿ, ಕಾಣಬೇಕಾದುದು ಜನರಿಗೆ. ಆ ಜನರ ಧರ್ಮ ಯಾವುದೆಂಬ ಷರತ್ತು ಅಲ್ಲಿಲ್ಲ. ನೆರೆಮನೆಯ ರೈತನಿಗೆ ಕಾರು ಮಾರುವಾಗಲೂ, ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವವನಿಗೆ ಮಾರುವಾಗಲೂ ತೇವವನ್ನು ಮೇಲೆಯೇ ಇಡಬೇಕು. ಒಬ್ಬ ಮುಸ್ಲಿಮನಿಂದ ಮೋಸಹೋದ ನೆರೆಯವನು ಅವನ ಮಾತಿನ ಜೊತೆಗೆ ಅವನ ನಮಾಝನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ಹಾಲು ಕರೆಯದೆ ಎರಡು ಮೂರು ದಿನ ಬಿಟ್ಟು, ಕೆಚ್ಚಲು ತುಂಬಿ ಕಾಣುವಂತೆ ಮಾಡಿ ಒಂಟೆ-ಆಡುಗಳನ್ನು ಮಾರುವುದನ್ನೂ ಪ್ರವಾದಿವರ್ಯರು(ಸ) ತಡೆದರು. ಹಾಗೆ ಕೊಂಡವನಿಗೆ ಪ್ರಾಣಿಯನ್ನು ಇಟ್ಟುಕೊಳ್ಳುವ ಅಥವಾ ಹಿಂತಿರುಗಿಸುವ ಆಯ್ಕೆಯಿದೆಯೆಂದು ಹದೀಸಿನಲ್ಲಿದೆ. ವಿವರಗಳಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದ್ದರೂ ಆ ಕೃತ್ಯವು ಮೋಸವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇಲ್ಲಿ ಮಾರುವವನು ಬಾಯಿಬಿಟ್ಟು ಒಂದು ಸುಳ್ಳೂ ಹೇಳಿರಲಿಲ್ಲ. ಕೆಚ್ಚಲೇ ಅವನ ಪರವಾಗಿ ಸುಳ್ಳು ಹೇಳಿತ್ತು. ತಿರುಗಿಸಿದ ಮೀಟರು, ಗಟ್ಟಿ ಎಣ್ಣೆ ಸುರಿದು ಸದ್ದಡಗಿಸಿದ ಇಂಜಿನ್, ಸಂಪರ್ಕ ಕಿತ್ತುಹಾಕಿದ ಏರ್‌ಬ್ಯಾಗ್ ದೀಪ ಇವೆಲ್ಲ ತುಂಬಿಸಿ ತೋರಿಸಿದ ಕೆಚ್ಚಲುಗಳೇ.

ಸಹಾಬಿ ವಾಸಿಲಾ ಬಿನ್ ಅಸ್ಕಅ್(ರ) ಅವರ ಘಟನೆಯಂತೂ ಇಂದಿನ ವಾಹನ ವ್ಯಾಪಾರಕ್ಕೆಂದೇ ಇದ್ದಂತಿದೆ. ಒಬ್ಬನು ಅವರ ಮನೆಯ ಬಳಿ ಒಂದು ಒಂಟೆಯನ್ನು ಕೊಂಡು ಹೊರಟನು. ವಾಸಿಲಾ(ರ) ಮೇಲುವಸ್ತ್ರ ನೆಲಕ್ಕೆ ಎಳೆಯುತ್ತಿದ್ದರೂ ಲೆಕ್ಕಿಸದೆ ಅವನ ಹಿಂದೆಯೇ ಧಾವಿಸಿ, ಒಂಟೆಯ ದೋಷವನ್ನು ನಿನಗೆ ತಿಳಿಸಿದ್ದಾರೆಯೇ ಎಂದು ಕೇಳಿದರು. ನೋಡಲು ಪುಷ್ಟವಾಗಿದೆಯಲ್ಲ ಎಂದನವನು. ಮಾಂಸಕ್ಕಾಗಿ ಕೊಂಡೆಯೋ ಪ್ರಯಾಣಕ್ಕಾಗಿಯೋ ಎಂದು ವಾಸಿಲಾ(ರ) ವಿಚಾರಿಸಿದರು. ಹಜ್ಜ್ ಯಾತ್ರೆಗೆಂದು ಉತ್ತರ ಬಂತು. ಹಾಗಾದರೆ ಕೇಳು, ಅದರ ಪಾದದಲ್ಲಿ ತೂತಿದೆ ಎಂದು ತಿಳಿಸಿದರು. ತನ್ನ ವ್ಯಾಪಾರ ಕೆಡಿಸುತ್ತೀರಾ ಎಂದು ಮಾರಿದವನು ಬೇಸರಗೊಂಡನು. ದೋಷವನ್ನು ತಿಳಿಸದೆ ಮಾರುವುದು ಮಾರುವವನಿಗೆ ಸಲ್ಲದು, ಅದನ್ನು ಬಲ್ಲವನು ತಿಳಿಸದಿರುವುದೂ ಸಲ್ಲದು ಎಂದು ತಾವು ಪ್ರವಾದಿವರ್ಯರಿಂದ(ಸ) ಕೇಳಿರುವುದಾಗಿ ವಾಸಿಲಾ(ರ) ಉತ್ತರಿಸಿದರು. ಇಮಾಮ್ ಅಹ್ಮದ್ ಮತ್ತು ಹಾಕಿಮ್ ಇದನ್ನು ವರದಿ ಮಾಡಿದ್ದಾರೆ.

ಅವರ ಪ್ರಶ್ನೆಯಲ್ಲಿನ ವಿವೇಕವನ್ನು ನೋಡಿ. ಮಾಂಸಕ್ಕಾದರೆ ಪಾದದ ತೂತು ದೋಷವೇ ಅಲ್ಲ, ಪ್ರಯಾಣಕ್ಕಾದರೆ ಅದೇ ಪ್ರಾಣಾಪಾಯ. ಬಿಡಿಭಾಗಗಳಿಗಾಗಿ ಕೊಳ್ಳುವವನಿಗೂ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚನ್ನರಾಯಪಟ್ಟಣದ ಹೆದ್ದಾರಿಗೆ ಇಳಿಯುವವನಿಗೂ ಒಂದೇ ಕಾರು ಒಂದೇ ಕಾರಲ್ಲ.

ಮೌನವೂ ಮೋಸವೇ?

ಈ ಜಾಗದಲ್ಲಿ ದೇಶದ ಕಾನೂನು ಏನು ಹೇಳುತ್ತದೆಂಬುದನ್ನು ಅರಿಯುವುದು ಉಪಯುಕ್ತ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಂ ವಂಚನೆ ಎಂದರೇನೆಂದು ವಿವರಿಸುತ್ತದೆ. ಕೇವಲ ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಾಗದು ಎಂಬುದು ಅದರ ನಿಲುವು. ಅದಕ್ಕೆ ಅಲ್ಲಿ ಕೊಟ್ಟಿರುವ ಉದಾಹರಣೆ ಕುದುರೆಯದ್ದು. ಒಬ್ಬನು ರೋಗವಿರುವ ಕುದುರೆಯನ್ನು ತಿಳಿದೂ ಹರಾಜಿನಲ್ಲಿ ಮಾರುತ್ತಾನೆ, ರೋಗದ ವಿಷಯ ಎತ್ತುವುದಿಲ್ಲ, ಇದು ವಂಚನೆಯಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಉದಾಹರಣೆಯಿದೆ. ಕೊಳ್ಳುವವಳು ಅವನ ಸ್ವಂತ ಮಗಳಾಗಿದ್ದು, ಆಗತಾನೇ ಪ್ರಾಯಕ್ಕೆ ಬಂದವಳಾಗಿದ್ದರೆ, ಆ ಸಂಬಂಧದ ಕಾರಣದಿಂದ ದೋಷ ಹೇಳುವುದು ಅವನ ಕರ್ತವ್ಯವಾಗುತ್ತದೆ.

ಎಷ್ಟು ಅರ್ಥಪೂರ್ಣ ಉದಾಹರಣೆ! ಸಂಬಂಧವಿದ್ದರೆ ಮಾತಾಡಬೇಕು, ಸಂಬಂಧವಿಲ್ಲದಿದ್ದರೆ ಸುಮ್ಮನಿರಬಹುದು. ಇಸ್ಲಾಮ್ ಇದೇ ತತ್ವವನ್ನು ತೆಗೆದುಕೊಂಡು ಸಂಬಂಧದ ವೃತ್ತವನ್ನೇ ವಿಸ್ತರಿಸಿತು. ವಿಶ್ವಾಸಿಯು ವಿಶ್ವಾಸಿಯ ಸಹೋದರನು, ಸಹೋದರನಿಗೆ ದೋಷವುಳ್ಳ ವಸ್ತುವನ್ನು ತಿಳಿಸದೆ ಮಾರಲಾಗದು ಎಂಬ ಅರ್ಥದ ಹದೀಸನ್ನು ಉಕ್ಬಾ ಬಿನ್ ಆಮಿರ್(ರ) ಅವರಿಂದ ಇಬ್ನು ಮಾಜಃ ವರದಿ ಮಾಡಿದ್ದಾರೆ. ಧಾನ್ಯದ ರಾಶಿಯ ಘಟನೆ ಆ ಕರ್ತವ್ಯವನ್ನು ಎಲ್ಲ ಜನರಿಗೂ ಮುಟ್ಟಿಸಿತು. ನ್ಯಾಯಾಲಯದಲ್ಲಿ ಗೆಲ್ಲುವ ಮೌನ ಪರಲೋಕದಲ್ಲಿ ಗೆಲ್ಲದು. ಮಾರುವಾಗ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ: ಈ ಕಾರಿನಲ್ಲಿ ನನ್ನ ಮಗಳನ್ನು ಗಂಡನ ಮನೆಗೆ ಕಳುಹಿಸುತ್ತೇನೆಯೇ? ಉತ್ತರ ಬೇರೆಯಾದರೆ ಬಾಯಿ ತೆರೆಯಬೇಕು.

'ಇದ್ದ ಹಾಗೆ ಕೊಡುತ್ತಿದ್ದೇನೆ, ನೋಡಿಕೊಂಡು ತೆಗೆದುಕೊಳ್ಳಿ' ಎಂದು ಹೇಳಿಬಿಟ್ಟರೆ ಹೊಣೆ ಕಳೆಯಿತೆಂದು ಕೆಲವರು ತಿಳಿದಿದ್ದಾರೆ. ದೋಷಗಳ ಹೊಣೆಯಿಂದ ಬಿಡುಗಡೆ ಕೇಳಿ ಮಾರುವ ಷರತ್ತನ್ನು ಹನಫಿ ವಿದ್ವಾಂಸರು ಒಪ್ಪಿದ್ದಾರೆ, ನಿಜ. ಅದು ಮಾರುವವನಿಗೇ ಗೊತ್ತಿಲ್ಲದ ದೋಷಗಳಿಂದ ಮುಂದೆ ಜಗಳವಾಗದಿರಲೆಂದು ಇರುವ ಅನುಕೂಲ. ಗೊತ್ತಿದ್ದೂ ಮುಚ್ಚಿಟ್ಟದ್ದರ ಪಾಪವನ್ನು ಈ ಮಾತು ತೊಳೆಯದು. ಇಮಾಮ್ ಅಬೂ ಹನೀಫಾ(ರ) ಅವರೇ ಬಟ್ಟೆ ವ್ಯಾಪಾರಿಯಾಗಿದ್ದರು. ಪಾಲುದಾರ ಹಫ್ಸ್ ಬಿನ್ ಅಬ್ದುರ್‍ರಹ್ಮಾನ್ ಅವರಿಗೆ ಸರಕು ಕಳುಹಿಸುವಾಗ ಒಂದು ಬಟ್ಟೆಯಲ್ಲಿ ದೋಷವಿದೆ, ತಿಳಿಸಿ ಮಾರಬೇಕು ಎಂದಿದ್ದರು. ಹಫ್ಸ್ ಮರೆತು ಮಾರಿದರು, ಕೊಂಡವನ ಗುರುತೂ ಸಿಗಲಿಲ್ಲ. ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿದೆ. ಮರೆವಿನ ಮೌನಕ್ಕೇ ಅವರು ಇಷ್ಟು ಬೆಲೆ ತೆತ್ತರು.

ಕೊಳ್ಳುವವರು ಮಾಡಬೇಕಾದುದು

ಮಾರುವವನ ಹೊಣೆ ದೊಡ್ಡದೆಂದ ಮಾತ್ರಕ್ಕೆ ಕೊಳ್ಳುವವನು ಕಣ್ಣು ಮುಚ್ಚಿಕೊಳ್ಳಬಾರದು. ಹತ್ತು ವರ್ಷ ಕೂಡಿಟ್ಟ ಹಣ ಅದು, ಅದೂ ಒಂದು ಅಮಾನತ್ತೇ. ಕೆಳಗಿನವುಗಳನ್ನು ಒಂದೊಂದಾಗಿ ನೋಡಿ.

1. ಕಾರನ್ನು ಹಗಲಲ್ಲಿ, ಇಂಜಿನ್ ತಣ್ಣಗಿರುವಾಗ ನೋಡಿ. ಬಿಸಿಯಾದ ಇಂಜಿನ್ ತನ್ನ ಕಾಯಿಲೆಯನ್ನು ಮರೆಮಾಡುತ್ತದೆ.

2. ಬಾಗಿಲು, ಬಾನೆಟ್‌ಗಳ ಸಂದು ಎರಡೂ ಬದಿಯಲ್ಲಿ ಒಂದೇ ಅಳತೆಯಲ್ಲಿದೆಯೇ? ಬಾನೆಟ್ ಎತ್ತಿ ಬೋಲ್ಟ್‌ಗಳ ತಲೆ ನೋಡಿ. ಬಣ್ಣ ಕಿತ್ತಿದ್ದರೆ ಅವನ್ನು ಬಿಚ್ಚಿದ್ದಾರೆ. ಕಾರ್ಖಾನೆಯ ಬೆಸುಗೆ ಸಮನಾದ ಚುಕ್ಕಿಗಳಂತಿರುತ್ತದೆ, ಕೈಬೆಸುಗೆ ಗಂಟುಗಂಟಾಗಿರುತ್ತದೆ. ಗಾಜುಗಳ ಮೇಲಿನ ಕಂಪೆನಿ ಗುರುತು ಒಂದರಲ್ಲಿ ಬೇರೆಯಾಗಿದ್ದರೆ ಏಕೆಂದು ಕೇಳಿ.

3. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದೆ ಉಳಿದರೆ ದೋಷವಿದೆ. ಹತ್ತುವುದೇ ಇಲ್ಲವೆಂದರೆ ಇನ್ನೂ ಹೆಚ್ಚಿನ ಸಂಶಯ ಪಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು, ಥಟ್ಟನೆ ಜಗ್ಗಿ ನೋಡಿ. ಅದು ಹಿಡಿದು ನಿಲ್ಲಬೇಕು.

4. ನೆರೆ ನೀರಿನ ಕಾರನ್ನು ಗುರುತಿಸಲು ಮೂಗು ಮತ್ತು ಬೆರಳು ಬೇಕು. ನೆಲಹಾಸಿನ ಅಡಿ, ಸ್ಟೆಪ್ನಿಯ ಗುಂಡಿಯಲ್ಲಿ ಒಣಗಿದ ಮಣ್ಣಿದೆಯೇ, ಸೀಟಿನ ಕಂಬಿಯ ಬೋಲ್ಟ್ ತುಕ್ಕು ಹಿಡಿದಿದೆಯೇ, ಹೆಡ್‌ಲೈಟಿನೊಳಗೆ ನೀರಿನ ಗೆರೆಯಿದೆಯೇ, ವೈರಿಂಗ್ ಕೊಂಡಿಗಳಲ್ಲಿ ಹಸಿರು ಕಿಲುಬಿದೆಯೇ ನೋಡಿ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2018ರ ಆಗಸ್ಟಿನಲ್ಲಿ ಕೇರಳದಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಎಷ್ಟೋ ಕಾರುಗಳು ಮುಳುಗಿದವು. ಮುಳುಗಿದ ಕಾರು ತಾನು ಮುಳುಗಿದ ಊರಿನಲ್ಲೇ ಮಾರಾಟವಾಗಬೇಕೆಂದೇನೂ ಇಲ್ಲ.

5. ನೇರ ರಸ್ತೆಯಲ್ಲಿ ಓಡಿಸಿ. ಸ್ಟೇರಿಂಗ್ ಸಡಿಲ ಬಿಟ್ಟಾಗ ಒಂದು ಬದಿಗೆ ಎಳೆಯುತ್ತದೆಯೇ? ಟೈರು ಒಂದೇ ಅಂಚಿನಲ್ಲಿ ಸವೆದಿದೆಯೇ? ಇವು ಚೌಕಟ್ಟು ಬಾಗಿರುವುದರ ಸುಳಿವಾಗಬಹುದು.

6. ಚಾಸಿಸ್ ಸಂಖ್ಯೆಯನ್ನು ಆರ್.ಸಿ.ಯೊಂದಿಗೆ ಅಕ್ಷರಕ್ಷರ ಹೋಲಿಸಿ, ಅದರ ಸುತ್ತ ಕತ್ತರಿಸಿ ಬೆಸೆದ ಗುರುತಿದೆಯೇ ಪರೀಕ್ಷಿಸಿ. ಟೋಟಲ್ ಲಾಸ್ ಕಾರಿನ ಕಾಗದ ಕೊಂಡು, ಅದೇ ಮಾದರಿಯ ಕಳವಿನ ಕಾರಿಗೆ ಆ ಸಂಖ್ಯೆ ಕೂರಿಸುವ ಜಾಲಗಳಿವೆ. 2020ರಲ್ಲಿ ಲಖನೌ ಪೊಲೀಸರು ಅಂತಹ ದೊಡ್ಡ ಜಾಲವೊಂದನ್ನು ಭೇದಿಸಿದರು. ಕಳವಿನ ವಸ್ತುವಿಗೆ ನೀವು ಎಷ್ಟೇ ಪ್ರಾಮಾಣಿಕವಾಗಿ ಹಣ ಕೊಟ್ಟರೂ ಅದು ನಿಮ್ಮದಾಗುವುದಿಲ್ಲ.

7. ಹಿಂದಿನ ವರ್ಷಗಳ ವಿಮಾ ಪಾಲಿಸಿಗಳನ್ನು ಕೇಳಿ. ಕ್ಲೇಮು ಮಾಡದ ಮಾಲೀಕನಿಗೆ ನೋ ಕ್ಲೇಮ್ ಬೋನಸ್ ಶೇ. 20ರಿಂದ ಏರುತ್ತಾ ಐದು ವರ್ಷಕ್ಕೆ ಶೇ. 50ಕ್ಕೆ ಮುಟ್ಟುತ್ತದೆ. ಏರುತ್ತಿದ್ದ ಬೋನಸ್ ಒಮ್ಮೆಲೇ ಸೊನ್ನೆಯಾಗಿದ್ದರೆ ಆ ಹಿಂದಿನ ವರ್ಷ ಏನಾಯಿತೆಂದು ವಿಚಾರಿಸಿ. ಆದರೆ ಈ ಬೋನಸ್ ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ. ಆದ್ದರಿಂದ ಇದನ್ನೊಂದನ್ನೇ ನಂಬಬೇಡಿ. ಕಂಪೆನಿಯ ಗ್ಯಾರೇಜಿನಲ್ಲಿ ಮಾಲೀಕನ ಜೊತೆ ಹೋಗಿ ಸರ್ವೀಸ್ ದಾಖಲೆ ನೋಡಿದರೆ ಕಿಲೋಮೀಟರಿನ ಸತ್ಯವೂ ಹೊರಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಸ್ಪಷ್ಟವಾಗಿ ಕೇಳಿ: ಅಪಘಾತವಾಗಿತ್ತೇ? ನೀರಿನಲ್ಲಿ ನಿಂತಿತ್ತೇ? ವಿಮಾ ಕಂಪೆನಿ ಟೋಟಲ್ ಲಾಸ್ ಮಾಡಿತ್ತೇ? ಕೇಳುವುದು ಅಪಮಾನವಲ್ಲ. ವ್ಯಾಪಾರದಲ್ಲಿ ಪದೇ ಪದೇ ಮೋಸಹೋಗುತ್ತಿದ್ದ ಒಬ್ಬರಿಗೆ, ಕೊಳ್ಳುವಾಗಲೇ ಮೋಸವಿರಕೂಡದು ಎಂದು ಬಾಯಿಬಿಟ್ಟು ಹೇಳುವಂತೆ ಪ್ರವಾದಿವರ್ಯರು(ಸ) ಕಲಿಸಿದ್ದರು. ಮೂರು ದಿನಗಳ ಪರೀಕ್ಷಾವಧಿಯ ಷರತ್ತನ್ನೂ ಹಾಕಿಕೊಳ್ಳಬಹುದು. ಅದು ಶರೀಅತ್ ಒಪ್ಪಿದ ಆಯ್ಕೆ. ಮೂರು ದಿನ ಓಡಿಸಿದರೆ ಎಷ್ಟೋ ಗುಟ್ಟುಗಳು ತಾವಾಗಿಯೇ ಹೊರಬೀಳುತ್ತವೆ.

ಮಾರುವವನು ಎಲ್ಲವನ್ನೂ ಬಿಚ್ಚಿ ಹೇಳಿ, ರಿಪೇರಿಯ ಬಿಲ್ಲುಗಳನ್ನು ತೋರಿಸಿ, ಅದಕ್ಕೆ ತಕ್ಕ ಕಡಿಮೆ ಬೆಲೆ ಕೇಳಿದರೆ ಆ ಕಾರನ್ನು ಕೊಳ್ಳಲು ಹಿಂಜರಿಯಬೇಕಿಲ್ಲ. ಬಾಗಿಲು, ಬಂಪರುಗಳಷ್ಟೇ ಬದಲಾದ ಕಾರು ಅನೇಕ ವರ್ಷ ಚೆನ್ನಾಗಿ ಓಡೀತು. ಚೌಕಟ್ಟು ಬಾಗಿದ್ದು, ಏರ್‌ಬ್ಯಾಗ್ ಸ್ಫೋಟಿಸಿದ್ದು, ಸೀಟಿನ ಮಟ್ಟಕ್ಕೆ ನೀರು ನಿಂತದ್ದು ಮಾತ್ರ ಬೇರೆ ಮಾತು. ಎಷ್ಟೇ ಅಗ್ಗವಾದರೂ ಅಂಥದ್ದನ್ನು ಕುಟುಂಬದ ಪ್ರಯಾಣಕ್ಕೆ ತರಬೇಡಿ.

ಕೊಳ್ಳುವವನ ನಾಲಿಗೆಗೂ ನಿಯಮವಿದೆ. ಇಲ್ಲದ ದೋಷವನ್ನು ಇದೆಯೆಂದು ಹೇಳಿ ಬೆಲೆ ಇಳಿಸುವುದೂ ಸುಳ್ಳೇ. ಇನ್ನೊಬ್ಬನ ಮಾತುಕತೆ ಮುಗಿಯುವ ಹಂತದಲ್ಲಿರುವಾಗ ನಡುವೆ ನುಗ್ಗುವುದನ್ನೂ, ಕೊಳ್ಳುವ ಇಚ್ಛೆಯಿಲ್ಲದೆ ಬೆಲೆ ಏರಿಸಲು ಕೂಗುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ.

ಕಾಗದಪತ್ರದ ಪ್ರಾಮಾಣಿಕತೆ

ಸಾಲದ ವ್ಯವಹಾರವನ್ನು ಬರೆದಿಡಬೇಕು, ಕೊಡು-ಕೊಳ್ಳುವಿಕೆಗೆ ಸಾಕ್ಷಿಗಳಿರಬೇಕು ಎಂಬ ಆದೇಶ ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತದಲ್ಲಿದೆ. ಕಾರಿನ ವಿಷಯದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಮಾರಾಟದ ಕರಾರಿನಲ್ಲಿ ಕಿಲೋಮೀಟರ್ ಎಷ್ಟು, ಯಾವ ಯಾವ ಅಪಘಾತದ ದುರಸ್ತಿಯಾಗಿದೆ, ಯಾವ ದಿನ ಯಾವ ಗಂಟೆಗೆ ಕಾರು ಕೈ ಬದಲಾಯಿಸಿತು ಎಂಬುದನ್ನು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಕಾಗದದಲ್ಲಿ ಸರಕಾರ ಕೇಳದ ಈ ವಿವರಗಳನ್ನು ನಾವೇ ಬರೆದುಕೊಂಡರೆ ನಮ್ಮ ಕೈಯಿಂದಲೇ ಒಂದು 'ರಿಬಿಲ್ಟ್ ಟೈಟಲ್' ಸಿದ್ಧವಾದಂತೆ!

ಮಾಲೀಕತ್ವ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಸಾಲವಿದ್ದ ಕಾರಾದರೆ ಸಾಲ ಕೊಟ್ಟವರ ಒಪ್ಪಿಗೆಯೊಂದಿಗೆ 35ನೇ ನಮೂನೆ ಬೇಕು. ಹೊರರಾಜ್ಯದ ಕಾರಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರವನ್ನೂ ಇಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ತಿಳಿಸಬೇಕೆಂದು ಕಾಯಿದೆಯ 50ನೇ ಕಲಂ ವಿಧಿಸುತ್ತದೆ. ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಸಾಲದ ಬಾಕಿ, ವಿಮೆಯ ಅವಧಿ, ನೋಂದಣಿಯ ದಿನಾಂಕಗಳನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಮನೆಯಲ್ಲೇ ನೋಡಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೆ.ಎ. 54ರ ನಾಗಮಂಗಲದ ಕಾರಾಗಲಿ, ಕೆ.ಎ. 11ರ ಮಂಡ್ಯದ ಕಾರಾಗಲಿ ಈ ನಿಯಮ ಒಂದೇ.

'ಹೆಸರು ಆಮೇಲೆ ಬದಲಾಯಿಸಿಕೊಳ್ಳೋಣ' ಎನ್ನುವುದು ನಮ್ಮಲ್ಲಿ ಬೇರೂರಿದ ಕೆಟ್ಟ ರೂಢಿ. ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿ, ನೋಂದಣಿ ಮಾತ್ರ ಮೊದಲಿನವನ ಹೆಸರಲ್ಲೇ ಉಳಿದಿದ್ದ ಕಾರು ಅಪಘಾತ ಮಾಡಿದಾಗ, ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಹೆಸರು ಬದಲಾಯಿಸದವನು ಹೀಗೆ ತನ್ನ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ಹೊರಿಸುತ್ತಾನೆ.

ದಲ್ಲಾಳಿ ಮತ್ತು ಮೆಕ್ಯಾನಿಕ್ ಸಹೋದರರಿಗೆ ಒಂದು ಮಾತು

ನಮ್ಮ ಸಮುದಾಯದ ಅನೇಕ ಯುವಕರು ಗ್ಯಾರೇಜು, ತಗಡು ಕೆಲಸ, ಪೇಂಟಿಂಗ್, ಹಳೆಯ ವಾಹನಗಳ ವ್ಯಾಪಾರದಲ್ಲಿದ್ದಾರೆ. ಬೆವರಿನ, ಗೌರವದ ದುಡಿಮೆ ಅದು. ಮುರಿದದ್ದನ್ನು ಕೂಡಿಸುವ ಕೈ ಧನ್ಯ. ಆದರೆ ವಾಸಿಲಾ(ರ) ಆ ಒಂಟೆಯ ಮಾಲೀಕರಾಗಿರಲಿಲ್ಲ, ವಿಷಯ ಗೊತ್ತಿದ್ದ ಮೂರನೆಯವರಾಗಿದ್ದರು ಎಂಬುದನ್ನು ನೆನಪಿಡಿ. ದೋಷ ಗೊತ್ತಿರುವ ಮೂರನೆಯವರು ಇಂದು ನೀವೇ. ಸಲಹೆ ಕೇಳಲ್ಪಟ್ಟವನು ವಿಶ್ವಾಸಪಾತ್ರನಾಗಿರಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೊಳ್ಳುವವನು 'ಕಾರು ನೋಡಿ ಹೇಳು ತಮ್ಮಾ' ಎಂದು ನಿಮ್ಮನ್ನು ಕರೆದೊಯ್ದಾಗ, ಮಾರುವವನಿಂದ ಗುಟ್ಟಾಗಿ ಕಮಿಷನ್ ಪಡೆದು 'ಗಾಡಿ ಚೆನ್ನಾಗಿದೆ' ಎಂದರೆ ಅದು ದುಡಿಮೆಯಲ್ಲ, ದ್ರೋಹ. ಎರಡೂ ಕಡೆಯವರಿಗೆ ತಿಳಿಸಿ ಪಡೆದ ದಲ್ಲಾಳಿ ಹಣವಾದರೋ ಸಮ್ಮತವಾದುದು.

2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಹಳೆಯ ವಾಹನಗಳ ವ್ಯಾಪಾರಿಗಳು ಅಧಿಕೃತ ಪ್ರಮಾಣಪತ್ರ ಪಡೆಯಬೇಕು, ಮಾರಾಟಕ್ಕೆ ಬಂದ ವಾಹನದ ವಿವರವನ್ನು ನೋಂದಣಿ ಕಚೇರಿಗೆ ತಿಳಿಸಬೇಕು ಎಂದು ಗೊತ್ತುಪಡಿಸಲಾಯಿತು. 2023ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಈ ವ್ಯವಹಾರದಲ್ಲಿರುವವರು ಅದನ್ನು ಪಾಲಿಸುವುದು ತಮ್ಮ ರಕ್ಷಣೆಗೂ ಒಳ್ಳೆಯದು.

ಆಮೇಲೆ ದೋಷ ಕಂಡರೆ?

ಮಾರಾಟಕ್ಕೆ ಮುಂಚೆಯೇ ಇದ್ದ, ಹೇಳದೆ ಮುಚ್ಚಿಟ್ಟ ದೋಷ ಆಮೇಲೆ ಬಯಲಾದರೆ ಕೊಂಡವನಿಗೆ ವಸ್ತುವನ್ನು ಹಿಂತಿರುಗಿಸಿ ಹಣ ಪಡೆಯುವ ಹಕ್ಕಿದೆ. ಧರ್ಮಶಾಸ್ತ್ರದಲ್ಲಿ ಇದನ್ನು 'ಖಿಯಾರುಲ್ ಐಬ್' ಎನ್ನುತ್ತಾರೆ. ಹನಫಿ ಮತದಂತೆ ಅವನು ಹೇಳಿದ ಬೆಲೆಗೇ ಇಟ್ಟುಕೊಳ್ಳಬಹುದು ಅಥವಾ ಹಿಂತಿರುಗಿಸಬಹುದು. ಅವನ ಕೈಯಲ್ಲಿ ಹೊಸ ದೋಷವುಂಟಾಗಿ ಹಿಂತಿರುಗಿಸಲು ಸಾಧ್ಯವಾಗದಿದ್ದರೆ ಹಳೆಯ ದೋಷದಿಂದ ಕಡಿಮೆಯಾದ ಮೌಲ್ಯವನ್ನು ಕೇಳಬಹುದು. ಇಬ್ಬರೂ ಒಪ್ಪಿ ಬೇರೆ ರೀತಿ ರಾಜಿಯಾಗಲು ಅಡ್ಡಿಯಿಲ್ಲ. ಆದರೆ ಒಂದು ಎಚ್ಚರಿಕೆ: ದೋಷ ತಿಳಿದ ಮೇಲೂ ಎಂದಿನಂತೆ ಕಾರು ಓಡಿಸುತ್ತಿದ್ದರೆ ಅದನ್ನು ಒಪ್ಪಿಕೊಂಡಂತಾಗುತ್ತದೆ. ಕರಾವಳಿಯ ಶಾಫಿಈ ಸಹೋದರರಂತೂ ತಿಳಿದ ಕೂಡಲೇ ಹಿಂತಿರುಗಿಸಲು ಮುಂದಾಗಬೇಕು. ಆದುದರಿಂದ ದೋಷ ಕಂಡ ದಿನವೇ ಬರವಣಿಗೆಯಲ್ಲಿ ತಿಳಿಸಿ, ಕಾರನ್ನು ನಿಲ್ಲಿಸಿ. ಜಮಾಅತಿನ ಹಿರಿಯರನ್ನೋ ಊರಿನ ನ್ಯಾಯಸ್ಥರನ್ನೋ ಕೂರಿಸಿ ಮಾತಾಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಮೋಸಹೋದ ಸಿಟ್ಟಿನಲ್ಲಿ ಅದೇ ಕಾರನ್ನು ಬಣ್ಣ ಹಚ್ಚಿ ಇನ್ನೊಬ್ಬನಿಗೆ ದಾಟಿಸಿಬಿಡುವ ಯೋಚನೆ ಬರಬಹುದು. 'ನನಗೆ ಹೇಳಿರಲಿಲ್ಲ, ನಾನೇಕೆ ಹೇಳಲಿ?' ಎಂದು ಮನಸ್ಸು ವಾದಿಸುತ್ತದೆ. ಮುಗ್ಗಿದ ಜೋಳ ಮನೆಯಿಂದ ಮನೆಗೆ ಸಾಗುವುದು ಹೀಗೆಯೇ. ನಿಮಗೆ ಮೋಸ ಮಾಡಿದವನ ಲೆಕ್ಕ ಅವನದು. ನೀವು ಮಾರುವ ಕ್ಷಣದಿಂದ ಹೊಸ ಲೆಕ್ಕ ನಿಮ್ಮ ಹೆಸರಿನಲ್ಲಿ ಶುರುವಾಗುತ್ತದೆ. ದೋಷ ಹೇಳಿ ಮಾರಿದರೆ ಐವತ್ತು ಸಾವಿರ ಕಡಿಮೆ ಬರಬಹುದು. ಬಡ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ, ಒಪ್ಪೋಣ. ಆದರೆ ಸತ್ಯ ನುಡಿದು ದೋಷ ತೆರೆದಿಟ್ಟವರ ವ್ಯಾಪಾರದಲ್ಲಿ ಬರಕತ್ ಇರುವುದೆಂದೂ, ಮುಚ್ಚಿಟ್ಟು ಸುಳ್ಳಾಡಿದವರ ವ್ಯಾಪಾರದ ಬರಕತ್ ಅಳಿಸಿಹೋಗುವುದೆಂದೂ ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆ ಐವತ್ತು ಸಾವಿರ ಕಳೆದುಕೊಂಡವನು ಬೆಳ್ಳೂರು ಕ್ರಾಸಿನಲ್ಲಿ ಅಪಘಾತವಾಯಿತೆಂಬ ಸುದ್ದಿ ಬಂದಾಗ, ಅದು ತಾನು ಮಾರಿದ ಕಾರೇ ಎಂದು ನಡುಗಬೇಕಾಗಿಲ್ಲ.

ಅಲ್ಲಾಹನು ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ, ನಮ್ಮ ನಾಲಿಗೆಗಳನ್ನು ಸತ್ಯದ ಮೇಲೆ ನೆಲೆಗೊಳಿಸಲಿ, ನಮ್ಮ ಹಾಗೂ ನೆರೆಹೊರೆಯವರ ಪ್ರಯಾಣಗಳನ್ನು ಸುರಕ್ಷಿತಗೊಳಿಸಲಿ. ಆಮೀನ್.